ಚಿತ್ರದ ಬಿಳಿ ಹಿನ್ನೆಲೆಯನ್ನು ಕಳೆಯುವುದು

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ನಾನೂ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ಮೊದಲು ಹಿಂಜರಿದೆ. ನಾನು ಸಾಹಿತಿಯಲ್ಲ. ಇದೇ ಶಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೆ ಓದಿ, ಸೊಲ್ಲಾಪುರದ ಸ್ಟುಡಿಯೋ ಒಂದರಲ್ಲಿ ಕೆಲಸ ಕಲಿತು, ಮುಂದೆ ಅಕ್ಕಲಕೋಟೆಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವನು. ಆದರೆ ಮಹೋತ್ಸವದ ನಿಮಿತ್ತವಾಗಿ ಶಾಲೆಯಿಂದ ಎರಡು ಚಿತ್ರಗಳು ನನ್ನ ಕೈಗೆ ಬಂದವು. ಒಂದು ಶಾಲೆಯ ಲಾಂಛನ. ಇನ್ನೊಂದು ನಮ್ಮ ಮೊದಲ ಮುಖ್ಯಾಧ್ಯಾಪಕರ ಭಾವಚಿತ್ರ. ಎರಡರಲ್ಲಿಯೂ ಮಾಡಬೇಕಾಗಿದ್ದ ಕೆಲಸ ಒಂದೇ: ಹಿಂದಿನ ಬಿಳುಪನ್ನು ತೆಗೆದು ಅಲ್ಲಿ ಏನೂ ಇಲ್ಲದಂತೆ, ಅಂದರೆ ಪಾರದರ್ಶಕವಾಗುವಂತೆ ಮಾಡುವುದು. ಮೊದಲನೆಯದು ಒಂದು ತಾಸಿನಲ್ಲಿ ಮುಗಿಯಿತು. ಎರಡನೆಯದಕ್ಕೆ ಹನ್ನೊಂದು ದಿನ ಹಿಡಿಯಿತು. ಇದೇಕೆ ಹೀಗಾಯಿತೆಂದು ಕೇಳಿದವರು ಹಲವರು; ಈಗ ತಮ್ಮ ಮನೆಯ ಹಳೆಯ ಚಿತ್ರಗಳನ್ನು ಗಣಕಯಂತ್ರದಲ್ಲಿ ತಾವೇ ತಿದ್ದುವ ಹಳೆಯ ವಿದ್ಯಾರ್ಥಿಗಳೂ ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗವಾದೀತೆಂದು ಈ ಬರಹ.

ಲಾಂಛನದ ಸಂಗತಿ ಮೊದಲು ಹೇಳುತ್ತೇನೆ. ತೆರೆದ ಪುಸ್ತಕ, ಅದರ ಮೇಲೆ ಉರಿಯುವ ಪಣತಿ, ಸುತ್ತಲೂ ವೃತ್ತಾಕಾರದಲ್ಲಿ ಶಾಲೆಯ ಹೆಸರು. ಇದನ್ನು ಬರೆದವರು ನಮ್ಮ ಚಿತ್ರಕಲೆಯ ಮಾಸ್ತರರು. ಮೂಲ ಚಿತ್ರ ಉಳಿದಿಲ್ಲ. ಉಳಿದದ್ದು ಹಳೆಯ ಪತ್ರಶೀರ್ಷಿಕೆಯ ಮೇಲೆ ಕಪ್ಪು ಮಸಿಯಲ್ಲಿ ಅಚ್ಚಾದ ರೂಪ ಮಾತ್ರ. ಇಪ್ಪತ್ತೈದು ವರ್ಷಗಳ ಹಿಂದೆ ರಜತ ಮಹೋತ್ಸವವಾದಾಗ ಪೇಂಟರರೊಬ್ಬರು ಅರಿಷಿಣ ಬಣ್ಣದ ಅರಿವೆಯ ಮೇಲೆ ಕುಂಚದಿಂದಲೇ ಲಾಂಛನವನ್ನು ಬರೆದಿದ್ದರು. ಆಗ ಬಿಳುಪಿನ ಪ್ರಶ್ನೆಯೇ ಇರಲಿಲ್ಲ. ಪೇಂಟರನು ಬರೆಯುವುದು ಗೆರೆಯನ್ನು, ಕಾಗದವನ್ನಲ್ಲ. ಸ್ಕ್ಯಾನರ್ ಯಂತ್ರಕ್ಕೆ ಆ ವಿವೇಕವಿಲ್ಲ. ಅದು ಗೆರೆಯ ಜೊತೆಗೆ ಕಾಗದವನ್ನೂ ಎತ್ತಿಕೊಂಡು ಬರುತ್ತದೆ. ಈ ಸಲ ಫ್ಲೆಕ್ಸ್ ಫಲಕದ ಮೊದಲ ಪ್ರತಿ ಬಂದಾಗ ಅರಿಷಿಣದ ನಡುವೆ ಲಾಂಛನದ ಸುತ್ತ ಒಂದು ಬಿಳಿ ಚೌಕ ಎದ್ದು ಕಾಣುತ್ತಿತ್ತು. ಸಮಿತಿಯ ಹಿರಿಯರೊಬ್ಬರು ಅದನ್ನು ನೋಡಿ, “ಏನ್ ತಮ್ಮಾ, ಹೊಸಾ ಅಂಗಿಗಿ ಬಿಳೀ ತ್ಯಾಪಿ ಹಚ್ಚೀರಲ್ಲ?” ಎಂದರು. ಎಲ್ಲರೂ ನಕ್ಕರು. ಫಲಕ ಮಾತ್ರ ಹಿಂದಕ್ಕೆ ಹೋಯಿತು.

ಬಿಳುಪೆಂದರೆ ಖಾಲಿ ಎಂದು ನಾವು ತಿಳಿದಿರುತ್ತೇವೆ. ಕಾಗದದ ಮೇಲೆ ಏನೂ ಬರೆಯದಿದ್ದರೆ ಅದು ಬಿಳಿಯಾಗಿರುತ್ತದೆಯಲ್ಲ! ಗಣಕಯಂತ್ರದಲ್ಲಿ ಹಾಗಲ್ಲ. ಚಿತ್ರವೆಂದರೆ ಅದಕ್ಕೆ ಸಣ್ಣ ಸಣ್ಣ ಚುಕ್ಕಿಗಳ ಸಾಲು. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳು. ಸಾಮಾನ್ಯವಾಗಿ ಒಂದೊಂದೂ 0ಯಿಂದ 255ರವರೆಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳುಪು. ಹೀಗೆ ನೋಡಿದರೆ ಬಿಳುಪು ಎಲ್ಲಕ್ಕಿಂತ ತುಂಬಿದ ಬಣ್ಣ. ‘ಇಲ್ಲಿ ಏನೂ ಇಲ್ಲ’ ಎಂದು ಹೇಳಲು ಈ ಮೂರು ಸಂಖ್ಯೆಗಳಲ್ಲಿ ಜಾಗವೇ ಇಲ್ಲ. ಅದಕ್ಕೆ ನಾಲ್ಕನೆಯದೊಂದು ಬೇಕು. ಅದರ ಹೆಸರು ಆಲ್ಫಾ. ಆಲ್ಫಾ 255 ಇದ್ದರೆ ಚುಕ್ಕಿ ಪೂರ್ತಿ ಕಾಣುತ್ತದೆ. 0 ಇದ್ದರೆ ಬಣ್ಣ ಯಾವುದೇ ಇರಲಿ, ಹಿಂದಿನದು ಕಾಣುತ್ತದೆ. ನಡುವಿನ ಸಂಖ್ಯೆಗಳಿದ್ದರೆ ತೆಳುವಾದ ಪರದೆಯ ಹಾಗೆ ಎರಡೂ ಬೆರೆತು ಕಾಣುತ್ತವೆ. ಅಮೆರಿಕದ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ಎಂಬಿಬ್ಬರು 1977ರ ಸುಮಾರಿಗೆ ಇದನ್ನು ರೂಪಿಸಿದರು. ಎರಡು ಚಿತ್ರಗಳನ್ನು ಬೆರೆಸುವ ಗಣಿತಸೂತ್ರದಲ್ಲಿದ್ದ ಗ್ರೀಕ್ ಅಕ್ಷರವೇ ಹೆಸರಾಗಿ ನಿಂತಿತು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಈ ಬೆರೆಸುವಿಕೆಯ ಲೆಕ್ಕವನ್ನು ವ್ಯವಸ್ಥಿತವಾಗಿ ಪ್ರಕಟಿಸಿದರು. ನಮ್ಮ ಶಾಲೆಯ ಆರಂಭದ ದಶಕದಲ್ಲಿಯೇ ದೂರದ ನಾಡಿನಲ್ಲಿ ಈ ವಿಚಾರ ನಡೆದಿತ್ತೆಂಬುದು ನನಗೆ ಇಂದಿಗೂ ಸೋಜಿಗ.

ಚಿತ್ರವನ್ನು ಉಳಿಸಿಡುವ ಕಡತಗಳಲ್ಲಿಯೂ ಎಲ್ಲಕ್ಕೂ ಈ ನಾಲ್ಕನೆಯ ಸಂಖ್ಯೆ ಇಲ್ಲ. ಮೊಬೈಲಿನಲ್ಲಿ, ಕ್ಯಾಮರಾದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಜೆಪೆಗ್ ಕಡತದಲ್ಲಿ ಪಾರದರ್ಶಕತೆಗೆ ಸ್ಥಾನವೇ ಇಲ್ಲ. 1987ರಲ್ಲಿ ಬಂದ ಗಿಫ್ ಕಡತಕ್ಕೆ 1989ರ ಆವೃತ್ತಿಯಲ್ಲಿ ಆ ಶಕ್ತಿ ಬಂತು; ಆದರೆ ಅಲ್ಲಿ ಚುಕ್ಕಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅರ್ಧಮರ್ಧದ ಮಾತಿಲ್ಲ. 1996ರಲ್ಲಿ ರೂಢಿಗೆ ಬಂದ ಪಿಎನ್‌ಜಿ ಕಡತ ಮಾತ್ರ ಆಲ್ಫಾವನ್ನು ಪೂರ್ಣವಾಗಿ ಹೊರಬಲ್ಲದು. ಆದ್ದರಿಂದ ಎಷ್ಟೇ ಜಾಣತನದಿಂದ ಬಿಳುಪನ್ನು ತೆಗೆದರೂ ಕೊನೆಗೆ ಜೆಪೆಗ್ ಆಗಿ ಉಳಿಸಿದರೆ ಬಿಳಿ ಚೌಕ ಮರಳಿ ಬಂದು ಕೂಡುತ್ತದೆ. ನಮ್ಮ ಫಲಕದ ಎರಡನೆಯ ಪ್ರತಿಯಲ್ಲಿಯೂ ತ್ಯಾಪಿ ಕಂಡದ್ದು ಇದೇ ಕಾರಣದಿಂದ. ನಾನು ಸರಿಯಾದ ಕಡತವನ್ನೇ ಸಿದ್ಧಪಡಿಸಿದ್ದೆ. ಅವಸರದಲ್ಲಿ ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದೆ. ಫೋಟೋ ಎಂದು ಕಳಿಸಿದ್ದನ್ನು ಅದು ಹಗುರ ಮಾಡಲು ಜೆಪೆಗ್‌ಗೆ ಬದಲಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದ್ದರೆ ಇದ್ದದ್ದು ಇದ್ದ ಹಾಗೇ ಮುಟ್ಟುತ್ತಿತ್ತು. ತಪ್ಪು ನನ್ನದೇ.

ಇನ್ನು ಕೆಲಸದ ಕ್ರಮ. ಫೋಟೋಶಾಪ್ ತಂತ್ರಾಂಶ 1990ರಲ್ಲಿ ಮಾರುಕಟ್ಟೆಗೆ ಬಂದದ್ದು. ಹಣ ಕೊಟ್ಟು ಪಡೆಯಬೇಕು. ಗಿಂಪ್ ಎಂಬುದು ಯಾರೂ ಬೆಲೆಯಿಲ್ಲದೆ ಪಡೆಯಬಹುದಾದದ್ದು. 1996ರಲ್ಲಿ ಇದನ್ನು ಮೊದಲು ಹೊರತಂದವರು ಬರ್ಕಲಿಯ ಇಬ್ಬರು ವಿದ್ಯಾರ್ಥಿಗಳು. ಶಾಲೆಯ ಗಣಕಯಂತ್ರ ಕೋಣೆಗೆ ನಾನು ಸೂಚಿಸುವುದು ಗಿಂಪನ್ನೇ. ಹೊಸಬರು ಮೊದಲು ಎಡವುವುದು ಒಂದೇ ಕಡೆ. ಬಿಳುಪನ್ನು ಆಯ್ದುಕೊಂಡು ಡಿಲೀಟ್ ಒತ್ತುತ್ತಾರೆ. ಬಿಳುಪು ಇದ್ದಲ್ಲಿಯೇ ಇರುತ್ತದೆ. ಯಂತ್ರ ಕೆಟ್ಟಿದೆಯೆಂದು ಮತ್ತೆ ಮತ್ತೆ ಒತ್ತುತ್ತಾರೆ. ಯಂತ್ರ ಕೆಟ್ಟಿಲ್ಲ. ಚಿತ್ರಕ್ಕೆ ನಾಲ್ಕನೆಯ ಸಂಖ್ಯೆಯೇ ಇಲ್ಲದಿದ್ದರೆ ಅಳಿಸಿದ ಜಾಗದಲ್ಲಿ ಅದು ಹಿನ್ನೆಲೆಯ ಬಣ್ಣವನ್ನು ತುಂಬುತ್ತದೆ, ಮತ್ತು ಆ ಬಣ್ಣ ಸಾಮಾನ್ಯವಾಗಿ ಬಿಳುಪೇ! ನಾನು ಬಳಸುತ್ತಿದ್ದ ಗಿಂಪಿನ ಹಳೆಯ ಆವೃತ್ತಿಯಲ್ಲಿ ಮೊದಲು ಲೇಯರ್ ಪಟ್ಟಿಯ ಟ್ರಾನ್ಸ್‌ಪರೆನ್ಸಿಗೆ ಹೋಗಿ ‘ಆ್ಯಡ್ ಆಲ್ಫಾ ಚಾನೆಲ್’ ಎಂಬುದನ್ನು ಒತ್ತಬೇಕಿತ್ತು. ಫೋಟೋಶಾಪಿನಲ್ಲಿ ‘ಬ್ಯಾಕ್‌ಗ್ರೌಂಡ್’ ಎಂದಿರುವ ಪದರದ ಮೇಲೆ ಎರಡು ಸಲ ಒತ್ತಿ ಅದನ್ನು ಸಾಮಾನ್ಯ ಪದರವಾಗಿ ಮಾಡಬೇಕು. ಅದಾದ ಮೇಲೆ ಅಳಿಸಿದರೆ ಬೂದು ಬಿಳಿ ಚೌಕಗಳ ಚದುರಂಗದ ಹಾಸು ಕಾಣುತ್ತದೆ. ಅದು ಚಿತ್ರದ ಭಾಗವಲ್ಲ; ಇಲ್ಲಿ ಏನೂ ಇಲ್ಲವೆಂಬುದಕ್ಕೆ ಗುರುತು.

ಬಿಳುಪನ್ನು ಆಯ್ದುಕೊಳ್ಳಲು ಮಂತ್ರದಂಡದ ಚಿತ್ರವಿರುವ ಸಲಕರಣೆ ಇದೆ. ಫೋಟೋಶಾಪಿನಲ್ಲಿ ಅದು ಮ್ಯಾಜಿಕ್ ವಾಂಡ್, ಗಿಂಪಿನಲ್ಲಿ ಫಜಿ ಸೆಲೆಕ್ಟ್. ಒಂದು ಚುಕ್ಕಿಯ ಮೇಲೆ ಒತ್ತಿದರೆ ಅದರಂಥವೇ ಆದ ನೆರೆಯ ಚುಕ್ಕಿಗಳನ್ನೆಲ್ಲ ಅದು ಹಿಡಿಯುತ್ತದೆ. ‘ಅದರಂಥವು’ ಎಂದರೆ ಎಷ್ಟರಮಟ್ಟಿಗೆ? ಇದನ್ನು ನಿರ್ಧರಿಸುವ ಸಂಖ್ಯೆಗೆ ಫೋಟೋಶಾಪಿನಲ್ಲಿ ಟಾಲರೆನ್ಸ್ ಎನ್ನುತ್ತಾರೆ. ಮೊದಲಿಗೆ ಅದು 32 ಇರುತ್ತದೆ. ಹಳೆಯ ಕಾಗದ ಎಂದಿಗೂ 255ರ ಶುದ್ಧ ಬಿಳುಪಲ್ಲ. ಒಂದು ಕಡೆ 250, ಮಡಿಕೆಯ ಹತ್ತಿರ 235, ಹಳದಿಗಟ್ಟಿದ ಅಂಚಿನಲ್ಲಿ ಇನ್ನೂ ಕಡಿಮೆ. ಸಂಖ್ಯೆಯನ್ನು ತೀರ ಇಳಿಸಿದರೆ ಕಾಗದದ ಕಲೆಗಳು ಹಿಂದೆ ಉಳಿಯುತ್ತವೆ. ತೀರ ಏರಿಸಿದರೆ ತೆಳುವಾದ ಗೆರೆಗಳೂ ಕಾಗದದೊಡನೆ ಹೋಗುತ್ತವೆ. ಅಳಿಸುವುದಕ್ಕಿಂತ ಮೊದಲು ಲೆವೆಲ್ಸ್ ಎಂಬ ಸಾಧನದಿಂದ ಕಾಗದವನ್ನು ಬಿಳುಪಿನ ಕಡೆಗೂ ಮಸಿಯನ್ನು ಕಪ್ಪಿನ ಕಡೆಗೂ ಎಳೆದುಕೊಂಡರೆ ಈ ತೊಂದರೆಯ ಮುಕ್ಕಾಲು ಪಾಲು ಅಲ್ಲಿಯೇ ಮುಗಿಯುತ್ತದೆ.

ಮಂತ್ರದಂಡದ ನಡೆ ನೀರಿನ ನಡೆಯಂತೆ. ಲಾಂಛನದ ಹೊರಗೆ ಒತ್ತಿದರೆ ಆಯ್ಕೆಯು ಕಾಗದವೆಲ್ಲ ಹರಿದು ಹೊರಗಿನ ವೃತ್ತದ ಗೆರೆಗೆ ಬಂದು ನಿಲ್ಲಬೇಕು. ನಮ್ಮ ಪತ್ರಶೀರ್ಷಿಕೆಯಲ್ಲಿ ಅಚ್ಚು ಸವೆದು ಆ ಗೆರೆ ಒಂದು ಕಡೆ ಕೂದಲೆಳೆಯಷ್ಟು ಹರಿದಿತ್ತು. ಒಡ್ಡು ಒಡೆದ ಹೊಲದಲ್ಲಿ ನೀರು ನುಗ್ಗಿದ ಹಾಗೆ ಆಯ್ಕೆ ಒಳಗೆ ನುಗ್ಗಿ ಪುಸ್ತಕದ ಎರಡೂ ಪುಟಗಳನ್ನು ನುಂಗಿತು. ಗೆರೆಯನ್ನು ಮೊದಲು ಕೂಡಿಸಿ ಆಮೇಲೆ ಒತ್ತಬೇಕಾಯಿತು. ಇನ್ನೊಂದು ತೊಡಕು ನಮ್ಮ ಲಿಪಿಯದೇ. ಕನ್ನಡದ ಅಕ್ಷರಗಳು ದುಂಡಗಿನವು, ಹೊಟ್ಟೆಯುಳ್ಳವು. ಹೊರಗಿನಿಂದ ಹರಿದ ನೀರು ‘ಕನ್ನಡ’ ಎಂಬ ಪದದ ಮೊದಲಕ್ಷರದ ಹೊಟ್ಟೆಯೊಳಕ್ಕೆ ಹೋಗಲಾರದು. ಸೊನ್ನೆಯೊಳಕ್ಕಂತೂ ಹೋಗಲಾರದು. ಅರಿಷಿಣ ಫಲಕದ ಮೇಲೆ ಹೆಸರು ಚೆನ್ನಾಗಿ ಕಂಡರೂ ಅಕ್ಷರಗಳ ಹೊಟ್ಟೆಯಲ್ಲಿ ಬಿಳಿ ಜೋಳದ ಕಾಳಿನಂತೆ ಬಿಳುಪು ಉಳಿದಿರುತ್ತದೆ. ಅಂಟಿಕೊಂಡಿರುವ ಚುಕ್ಕಿಗಳನ್ನಷ್ಟೇ ಹಿಡಿ ಎಂಬ ಕಂಟಿಗ್ಯುಯಸ್ ಗುರುತನ್ನು ತೆಗೆದರೆ ಈ ಕಾಳುಗಳೂ ಹೋಗುತ್ತವೆ. ಆದರೆ ಅವುಗಳೊಡನೆ ಪುಸ್ತಕದ ಪುಟಗಳೂ ಹೋಗುತ್ತವೆ. ಪುಟ ಬಿಳಿಯಾಗಿಯೇ ಇರಬೇಕು, ಅಕ್ಷರದ ಹೊಟ್ಟೆ ಬಿಳಿಯಾಗಿರಬಾರದು. ಎರಡೂ ಯಂತ್ರಕ್ಕೆ 255. ಯಾವ ಬಿಳುಪು ಚಿತ್ರದ್ದು, ಯಾವುದು ಕಾಗದದ್ದು ಎಂಬುದನ್ನು ನೋಡುವವನೇ ಹೇಳಬೇಕು.

ಇಷ್ಟಾದರೂ ಗೆರೆಯ ಅಂಚಿನಲ್ಲಿ ಹಿಟ್ಟು ಉದುರಿಸಿದಂತೆ ಬೆಳ್ಳನೆಯ ಎಳೆಯೊಂದು ಉಳಿಯುತ್ತದೆ. ಇದರ ಕಾರಣ ತಿಳಿದರೆ ಉಪಾಯವೂ ತಿಳಿಯುತ್ತದೆ. ಕಪ್ಪು ಗೆರೆ ಮುಗಿದು ಕಾಗದ ಆರಂಭವಾಗುವ ಜಾಗದಲ್ಲಿ ಒಂದು ಚುಕ್ಕಿಯ ಅರ್ಧ ಮಸಿಯ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರುತ್ತದೆ. ಸ್ಕ್ಯಾನರ್ ಅದಕ್ಕೆ ನಡುವಿನ ಬೂದು ಬಣ್ಣ ಕೊಡುತ್ತದೆ, 128 ಎಂದಿಟ್ಟುಕೊಳ್ಳಿ. ಅದರಲ್ಲಿ ಅರ್ಧ ಬಿಳುಪು ಬೆರೆತುಹೋಗಿದೆ. ಅರಿಷಿಣದ ಬಣ್ಣ ಕೆಂಪು 255, ಹಸಿರು 204, ನೀಲಿ 0 ಆಗಿದ್ದರೆ ಅದರ ಮೇಲಿನ ಅರ್ಧ ಕಪ್ಪು ಚುಕ್ಕಿ ಸುಮಾರು 127, 102, 0 ಆಗಬೇಕು, ಅಂದರೆ ಕಂದು ಛಾಯೆ. ನಾವು ಉಳಿಸಿಕೊಂಡದ್ದು 128, 128, 128ರ ಬೂದು. ಆ ನೀಲಿಯ 128 ಕಾಗದದಿಂದ ಬಂದದ್ದು. ಅದೇ ಕಣ್ಣಿಗೆ ಹಿಟ್ಟಾಗಿ ಕಾಣುತ್ತದೆ.

ಗಿಂಪಿನಲ್ಲಿ ಇದಕ್ಕೆ ‘ಕಲರ್ ಟು ಆಲ್ಫಾ’ ಎಂಬ ಬಹಳ ಸೊಗಸಾದ ಸಾಧನವಿದೆ. ಬಿಳುಪನ್ನು ಆಯ್ದು ಇದನ್ನು ನಡೆಸಿದರೆ ಅದು ಒಂದೊಂದು ಚುಕ್ಕಿಯಲ್ಲಿ ಎಷ್ಟು ಬಿಳುಪು ಬೆರೆತಿದೆಯೋ ಅಷ್ಟನ್ನು ಲೆಕ್ಕ ಹಾಕಿ ಹೊರತೆಗೆಯುತ್ತದೆ. 128ರ ಬೂದು ಚುಕ್ಕಿ ಅರ್ಧ ಪಾರದರ್ಶಕವಾದ ಶುದ್ಧ ಕಪ್ಪಾಗುತ್ತದೆ. ಹಿಂದೆ ಅರಿಷಿಣ ಬಂದರೆ ಅರಿಷಿಣದೊಡನೆ, ಕೆಂಪು ಬಂದರೆ ಕೆಂಪಿನೊಡನೆ ಅದು ತಾನೇ ಬೆರೆಯುತ್ತದೆ. ಹಾಲು ನೀರು ಬೇರ್ಪಡಿಸುವ ಹಂಸದ ಮಾತನ್ನು ನಾವು ಶಾಲೆಯಲ್ಲಿ ಓದಿದ್ದೆವಷ್ಟೆ. ಒಂದೇ ಬಣ್ಣದ ಗೆರೆಚಿತ್ರದ ಮಟ್ಟಿಗೆ ಇದು ಆ ಹಂಸವೇ. ಲಾಂಛನಕ್ಕೆ ನಾನು ಕೊನೆಗೆ ಬಳಸಿದ್ದು ಇದನ್ನೇ. ಪುಸ್ತಕದ ಪುಟಗಳೂ ಪಾರದರ್ಶಕವಾದವು. ಕೆಳಗೊಂದು ಪದರವಿಟ್ಟು ಪುಟಗಳ ಆಕಾರದಲ್ಲಿ ಬಿಳುಪು ತುಂಬಿದೆ. ತೆಳು ಬಣ್ಣದ ಹಿನ್ನೆಲೆಯ ಮೇಲೆ ಕಪ್ಪು ಗೆರೆಯನ್ನಷ್ಟೇ ಕೂಡಿಸುವುದಿದ್ದರೆ ಇಷ್ಟೂ ಬೇಡ. ಪದರದ ಮೋಡ್ ‘ಮಲ್ಟಿಪ್ಲೈ’ ಎಂದಿಟ್ಟರೆ ಸಾಕು. ಎರಡು ಪದರಗಳ ಸಂಖ್ಯೆಗಳನ್ನು ಗುಣಿಸಿ 255ರಿಂದ ಭಾಗಿಸುವ ಲೆಕ್ಕ ಅದು; ಬಿಳುಪಿನಿಂದ ಗುಣಿಸಿದ್ದು ಇದ್ದ ಹಾಗೇ ಉಳಿಯುತ್ತದೆ, ಕಪ್ಪಿನಿಂದ ಗುಣಿಸಿದ್ದು ಕಪ್ಪಾಗುತ್ತದೆ. ಕಡುನೀಲಿಯ ಮೇಲೆ ಮಾತ್ರ ಇದು ನಡೆಯದು, ಲಾಂಛನವೇ ಮುಳುಗಿಹೋಗುತ್ತದೆ.

ಇನ್ನು ಭಾವಚಿತ್ರ. ನಮ್ಮ ಮೊದಲ ಹೆಡ್ ಮಾಸ್ತರರನ್ನು ಕಂಡವರಿಗೆ ಹೇಳಬೇಕಾದ್ದಿಲ್ಲ. ಬಿಳಿ ಧೋತರ, ಬಿಳಿ ನೆಹರೂ ಅಂಗಿ, ಬಿಳಿ ಖಾದಿ ಟೊಪ್ಪಿಗೆ. ಮಳೆಗಾಲದ ಕರಿಮಣ್ಣಿನ ಹಾದಿಯಲ್ಲಿ ನಡೆದು ಬಂದರೂ ಧೋತರದ ಅಂಚಿಗೆ ಕೆಸರು ಕಾಣುತ್ತಿರಲಿಲ್ಲ. ಅವರು ಒಬ್ಬರೇ ನಿಂತ ಚಿತ್ರ ಶಾಲೆಯಲ್ಲಿ ಒಂದೇ ಒಂದು ಇದೆ. ಶಾಲೆ ಮೊದಲು ನಡೆದ ಹಳೆಯ ಕಟ್ಟಡದ, ಸುಣ್ಣ ಬಳಿದ ಗೋಡೆಯ ಮುಂದೆ, ಬಿಸಿಲಿನಲ್ಲಿ ತೆಗೆದದ್ದು. ನೆಗೆಟಿವ್ ಇಲ್ಲ, ಅಂಗೈಯಷ್ಟು ಪ್ರತಿ ಇದೆ. ಗೋಡೆಯನ್ನು ತೆಗೆದು ಸಂಚಿಕೆಯ ಮುಖಪುಟದ ನೀಲಿಯ ಮೇಲೆ ಅವರನ್ನು ನಿಲ್ಲಿಸಬೇಕೆಂದು ಸಮಿತಿಯ ಅಪೇಕ್ಷೆ.

ಈಗಿನ ತಂತ್ರಾಂಶಗಳಲ್ಲಿ ಮನುಷ್ಯನನ್ನು ತಾನೇ ಗುರುತಿಸಿ ಹಿನ್ನೆಲೆಯಿಂದ ಬೇರ್ಪಡಿಸುವ ಶಕ್ತಿ ಇದೆ. ಫೋಟೋಶಾಪಿಗೆ ‘ಸೆಲೆಕ್ಟ್ ಸಬ್ಜೆಕ್ಟ್’ ಎಂಬ ಹೆಸರಿನಲ್ಲಿ ಇದು 2018ರಲ್ಲಿ ಬಂತು. ಒಳ್ಳೆಯ ಚಿತ್ರಗಳಲ್ಲಿ ಅದರ ಕೆಲಸ ಮೆಚ್ಚುವಂಥದು; ನಾನು ದಿನವೂ ಬಳಸುತ್ತೇನೆ. ಇಲ್ಲಿಯೂ ಅದನ್ನೇ ಒತ್ತಿದೆ. ಕ್ಷಣದಲ್ಲಿ ಗೋಡೆ ಹೋಯಿತು. ಗುರುಗಳ ಹಿರಿಯ ಮಗಳು ಅಂದು ಅಂಗಡಿಗೆ ಬಂದಿದ್ದರು. ಪರದೆಯನ್ನು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದು, “ತಮ್ಮಾ, ಅಪ್ಪನ ಟೊಪಿಗಿ ಎಲ್ಲಿ ಹೋತು?” ಎಂದರು. ನಾನು ಆಗ ನೋಡಿದೆ. ಟೊಪ್ಪಿಗೆಯ ಮೇಲರ್ಧವೂ ಬಿಸಿಲಿಗೆ ಒಡ್ಡಿದ ಎಡಭುಜವೂ ಗೋಡೆಯೊಡನೆ ಹೋಗಿದ್ದವು. “ಅಕ್ಕಾರ, ಇದು ಬರೇ ನೋಡಾಕ ಮಾಡಿದ್ದು, ಸರಿ ಮಾಡ್ತೀನಿ” ಎಂದೆ. “ಟೊಪಿಗಿ ಇಲ್ಲದ ಅಪ್ಪ ಹೊಸ್ತಲಾ ದಾಟಿದಾಂವಲ್ಲ” ಎಂದಷ್ಟೇ ಹೇಳಿ ಎದ್ದರು.

ಗೋಡೆಯ ಬಿಳುಪನ್ನು ಅಳೆದು ನೋಡಿದೆ: 238ರ ಆಚೀಚೆ. ಟೊಪ್ಪಿಗೆ 245. ನಡುವಿನ ಅಂತರ ಏಳು. ಮಂತ್ರದಂಡದ 32ಕ್ಕೆ ಎರಡೂ ಒಂದೇ. ಕಲರ್ ಟು ಆಲ್ಫಾ ಇಲ್ಲಿ ಇನ್ನೂ ಕೆಟ್ಟದ್ದು, ಏಕೆಂದರೆ ಕಪ್ಪುಬಿಳುಪು ಚಿತ್ರದಲ್ಲಿ ಮುಖದ ಬೂದು ಬಣ್ಣಗಳಲ್ಲೆಲ್ಲ ಬಿಳುಪು ಬೆರೆತಿರುತ್ತದೆ. ಅದನ್ನು ತೆಗೆದರೆ ಮುಖದ ಮೂಲಕ ನೀಲಿ ಕಾಣುತ್ತದೆ. ಹಂಸಕ್ಕೆ ಗೆರೆಚಿತ್ರ ಸರಿ, ಮನುಷ್ಯನ ಮುಖ ಸಲ್ಲದು.

ಕೊನೆಗೆ ಸ್ಟುಡಿಯೋದಲ್ಲಿ ಹಿಂದೆ ಕಲಿತ ಪದ್ಧತಿಗೇ ಮರಳಿದೆ. ಆಗ ಹಿನ್ನೆಲೆ ಬೇಡವಾದರೆ ನೆಗೆಟಿವ್ ಮೇಲೆಯೇ ವ್ಯಕ್ತಿಯ ಸುತ್ತ ಬೆಳಕು ಹಾಯದ ಬಣ್ಣವನ್ನು ಸಣ್ಣ ಕುಂಚದಿಂದ ಬಳಿಯುತ್ತಿದ್ದೆವು. ಬಳಿದಲ್ಲಿ ಬೆಳಕು ಹಾಯುವುದಿಲ್ಲ, ಪ್ರತಿಯಲ್ಲಿ ಆ ಜಾಗ ಬಿಳಿಯಾಗಿ ಬರುತ್ತದೆ. ಕಿವಿಯ ಅಂಚು ತಪ್ಪಿದರೆ ಉಸ್ತಾದರು ಬೆರಳಿನ ಗೆಣ್ಣಿಗೆ ಕುಂಚದ ಹಿಡಿಯಿಂದ ಹೊಡೆಯುತ್ತಿದ್ದರು. ಇಂದು ಅದರ ಸ್ಥಾನದಲ್ಲಿ ಲೇಯರ್ ಮಾಸ್ಕ್ ಇದೆ. ಇದರಲ್ಲಿ ಏನನ್ನೂ ಅಳಿಸುವುದಿಲ್ಲ. ಚಿತ್ರದ ಮೇಲೆ ಕಾಣದ ಮುಸುಕೊಂದನ್ನು ಹಾಕಿ, ಅದರ ಮೇಲೆ ಕಪ್ಪು ಬಳಿದರೆ ಕೆಳಗಿನದು ಮರೆಯಾಗುತ್ತದೆ, ಬಿಳುಪು ಬಳಿದರೆ ಮರಳಿ ಕಾಣುತ್ತದೆ. ಕೈ ತಪ್ಪಿದರೆ ತಿದ್ದಬಹುದು. ಓದುಗರಲ್ಲಿ ನನ್ನ ಒಂದೇ ವಿನಂತಿ: ಮನೆಯ ಹಿರಿಯರ ಚಿತ್ರದ ಮೇಲೆ ಎಂದಿಗೂ ಡಿಲೀಟ್ ಒತ್ತಬೇಡಿರಿ, ಮಾಸ್ಕ್ ಹಾಕಿರಿ, ಮೂಲ ಸ್ಕ್ಯಾನ್ ಬೇರೆಯಾಗಿಯೇ ಇರಲಿ.

ಆದರೆ ಕಾಣದ ಅಂಚನ್ನು ಬಳಿಯುವುದು ಹೇಗೆ? ಅದಕ್ಕೆ ಚಿತ್ರದ ಇನ್ನೊಂದು ಪ್ರತಿಯನ್ನು ಮಾಡಿಕೊಂಡು, 225ರಿಂದ 255ರವರೆಗಿನ ಬಿಳುಪುಗಳನ್ನಷ್ಟೇ 0ಯಿಂದ 255ರವರೆಗೆ ಹಿಗ್ಗಿಸಿದೆ. ಕಣ್ಣಿಗೆ ಒಂದೇ ಆಗಿದ್ದ ಬಿಳುಪುಗಳು ಬೇರೆಬೇರೆಯಾದವು. ಟೊಪ್ಪಿಗೆಯ ಮಡಿಕೆ ಕಂಡಿತು. ಭುಜದ ಅಂಚು ಅರ್ಧದಷ್ಟು ಕಂಡಿತು. ಉಳಿದ ಅರ್ಧ ಪ್ರತಿಯಲ್ಲಿಯೇ ಇಲ್ಲ. ಬಿಸಿಲು ಅದನ್ನು ಅಂದೇ ತಿಂದಿತ್ತು. ಒಂದು ವರ್ಷದ ಹತ್ತನೆಯ ಇಯತ್ತೆಯ ಸಮೂಹಚಿತ್ರದಲ್ಲಿ ಗುರುಗಳು ಕಪ್ಪು ಬಾಗಿಲಿನ ಮುಂದೆ ಕುಳಿತಿದ್ದಾರೆ. ಅಲ್ಲಿ ಅದೇ ಭುಜದ ಇಳಿಜಾರನ್ನು ನೋಡಿ ಇಲ್ಲಿ ಪೆನ್ ಸಾಧನದಿಂದ ಗೆರೆ ಎಳೆದೆ. ಮುಖಪುಟದಲ್ಲಿ ಎಡಭುಜದ ಎರಡು ಬೆರಳಿನಷ್ಟು ಅಂಚು ನನ್ನ ಅಂದಾಜು. ಇದನ್ನು ಮುಚ್ಚಿಡುವುದು ನನಗೆ ಸರಿಯೆನಿಸಲಿಲ್ಲ. ಅಕ್ಕನವರು ಎರಡನೆಯ ಸಲ ಬಂದಾಗ ಚಿತ್ರವನ್ನು ನೋಡಿ, ಟೊಪ್ಪಿಗೆ ಸ್ವಲ್ಪ ಬಲಕ್ಕೆ ವಾಲಿರಬೇಕು ಎಂದರು. ಹಿಗ್ಗಿಸಿದ ಪ್ರತಿಯಲ್ಲಿ ಮತ್ತೆ ನೋಡಿದರೆ ಅವರ ಮಾತೇ ನಿಜ.

ಆ ಪ್ರತಿಯಲ್ಲಿ ಇನ್ನೊಂದೂ ಕಂಡಿತು. ಗೋಡೆ ಒಂದೇ ಬಿಳುಪಾಗಿರಲಿಲ್ಲ. ಅದರ ಮೇಲೆ ತೆಳುವಾಗಿ, ಬರಿಗಣ್ಣಿಗೆ ಕಾಣದಷ್ಟು ತೆಳುವಾಗಿ, ಎಲೆಗಳ ನೆರಳು ಬಿದ್ದಿತ್ತು. ಹಳೆಯ ಕಟ್ಟಡದ ಅಂಗಳದಲ್ಲಿದ್ದ ಬೇವಿನ ಮರ ಮೊದಲ ತಂಡಗಳವರಿಗೆಲ್ಲ ನೆನಪಿರಬೇಕು. ಕೋಣೆ ಸಾಲದಾದಾಗ ಎಂಟನೆಯ ಇಯತ್ತೆ ಅದರ ಕೆಳಗೇ ಕೂಡುತ್ತಿತ್ತು. ರಸ್ತೆ ಅಗಲವಾದಾಗ ಮರವೂ ಹೋಯಿತು, ಮುಂದೆ ಗೋಡೆಯೂ ಹೋಯಿತು. ಆ ಮರದ ಚಿತ್ರ ಯಾರಲ್ಲಿಯೂ ಇಲ್ಲವೆಂದು ಸಮಿತಿಯವರು ವಿಷಾದಪಟ್ಟಿದ್ದರು. ನಾವು ಕಳೆಯಲು ಹೊರಟ ಹಿನ್ನೆಲೆಯಲ್ಲಿಯೇ ಅದು ಇತ್ತು.

ಆದ್ದರಿಂದ ಚಿತ್ರವನ್ನು ಎರಡು ಬಗೆಯಲ್ಲಿ ಅಚ್ಚು ಮಾಡಿಸಿದೆ. ಮುಖಪುಟದ ನೀಲಿಯ ಮೇಲೆ ಗುರುಗಳು ಟೊಪ್ಪಿಗೆಯೊಡನೆ ನಿಂತಿದ್ದಾರೆ. ಒಳಗಿನ ಮೊದಲ ಪುಟದಲ್ಲಿ ಗೋಡೆಯನ್ನು ತೆಗೆಯದೆ, ಬಿಳುಪನ್ನು ತುಸು ಕಪ್ಪಾಗಿಸಿ ಕೊಟ್ಟಿದೆ. ಎಡಗಡೆ, ಮೇಲಿನ ಮೂಲೆಯಿಂದ ಭುಜದವರೆಗೆ ಇಳಿದು ಬಂದಿರುವುದೇ ಬೇವಿನ ಟೊಂಗೆ.